ಯಕ್ಷಗಾನದ ದಿಗಿಣ (ಸುತ್ತು ಹೊಡೆದು ಹಾರುವ ಕುಣಿತ) ಹಾರುವಾಗ ಗಾಳಿಯಲ್ಲೇ ನಿಲ್ಲಿಸಿ ಕ್ಯಾಮೆರಾ ಸುತ್ತ ತಿರುಗಿಸುದು ಹೇಗೆ? ಬಜೆಟ್ ತುಂಬಾ ಕಮ್ಮಿ

ಬದಿಯಡ್ಕ_ಕಿರುಚಿತ್ರ
ಎಲ್ಲರಿಗೂ ನಮಸ್ಕಾರ. ನಾವು ನಾಲ್ಕೈದು ಜನ ಸೇರಿ ನೀರ್ಚಾಲು ಹತ್ತಿರ ಒಂದು ಕಿರುಚಿತ್ರ ಮಾಡ್ತಾ ಇದ್ದೇವೆ, ತೆಂಕುತಿಟ್ಟು ಯಕ್ಷಗಾನದಲ್ಲಿ ಪುಂಡುವೇಷ (ಚುರುಕಿನ ಎಳೆಯ ವೀರನ ಪಾತ್ರ) ಮಾಡುವ ಒಬ್ಬ ಹುಡುಗನ ಕಥೆ. ಅದ್ರಲ್ಲಿ ಒಂದು ಶಾಟ್ ನನಗೆ ಬೇಕೇ ಬೇಕು, ಅವ ದಿಗಿಣ ಹಾರಿ ಮೇಲೆ ಹೋದಾಗ ಅಲ್ಲಿಗೇ ನಿಲ್ಬೇಕು, ಗೆಜ್ಜೆಕಾಲು ನೆಲ ಬಿಟ್ಟ ಹಾಗೇ ಇರ್ಬೇಕು, ಕ್ಯಾಮೆರಾ ಮಾತ್ರ ಎಡದಿಂದ ಬಲಕ್ಕೆ ಸುತ್ತಿ ಬರ್ಬೇಕು, ಮತ್ತೆ ಕುಣಿತ ಮುಂದುವರೀಬೇಕು. ಎದುರು ಕೂತು ಆಟ ನೋಡುವವರಿಗೆ ಆ ಒಂದು ಕ್ಷಣ ಬದಿಯಿಂದ ಹೇಗಿರ್ತದೆ ಅಂತ ಗೊತ್ತೇ ಆಗುದಿಲ್ಲ, ಅದನ್ನು ತೋರಿಸ್ಬೇಕು ಅಂತ ಆಸೆ. ಕೈಯಲ್ಲಿರುದು ಒಂದು ಹಳೇ ಡಿಎಸ್‌ಎಲ್‌ಆರ್, ಒಂದು ಫ್ಲಾಶ್, ಮತ್ತೆ ಗೆಳೆಯರ ಫೋನುಗಳು ಹನ್ನೆರಡು ಒಟ್ಟು ಮಾಡ್ಬಹುದು. ಎಲ್ಲಾ ಫೋನಲ್ಲಿ ವಿಡಿಯೋ ಮಾಡಿ ಒಂದೊಂದರಿಂದ ಒಂದೊಂದು ಫ್ರೇಮ್ ಹೆಕ್ಕಿದ್ರೆ ಆಗ್ತದಾ?

ಉಪ್ಪಳ_ಲೆನ್ಸ್
ನಿಧಾನದ ಚಲನೆಗೆ ಆಗ್ತದೆ, ದಿಗಿಣಕ್ಕೆ ಕಷ್ಟ. ಲೆಕ್ಕ ಹಾಕಿ ನೋಡಿ, 60 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 60 ಫ್ರೇಮ್) ಚಪ್ಪಾಳೆ ಹೊಡೆದು ಎಷ್ಟು ಚಂದ ಸಿಂಕ್ ಮಾಡಿದ್ರೂ ಫೋನಿಂದ ಫೋನಿಗೆ ಅರ್ಧ ಫ್ರೇಮ್ ವ್ಯತ್ಯಾಸ ಉಳಿತದೆ, ಅದು ಸುಮಾರು 8 ಮಿಲಿಸೆಕೆಂಡ್. ಕೈ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬೀಸಿದ್ರೆ ಅಷ್ಟರಲ್ಲಿ 4 ಸೆಂಟಿಮೀಟರ್ ಹೋಗಿ ಆಯ್ತು, ಕ್ಯಾಮೆರಾ ಸುತ್ತುವಾಗ ಕೈ ನಡುಗಿದ ಹಾಗೆ ಕಾಣ್ತದೆ. 240 ಎಫ್‌ಪಿಎಸ್ ಇದ್ರೆ ಇದು 1 ಸೆಂಟಿಮೀಟರಿಗೆ ಇಳಿತದೆ ಆದ್ರೆ ಅದಕ್ಕೆ ಬೇಕಾದ ಬೆಳಕು ಎಲ್ಲಿಂದ ತರುದು? ಮತ್ತೆ ಫೋನಿನ ಸೆನ್ಸರ್ ಸಾಲು ಸಾಲಾಗಿ ಓದುದು, ವೇಗದ ಕೈಕಾಲು ಓರೆಯಾಗ್ತದೆ.

ಸಭೆಯಲ್ಲಿ ಕೂತವರು ಸ್ತಬ್ಧ ಆಗುವ ಶಾಟ್ ಬೇಕಿದ್ರೆ ಅದಕ್ಕೆ ಖರ್ಚೇ ಇಲ್ಲ. ಎಲ್ಲರೂ ಅಲುಗದೆ ಕೂರ್ಲಿ, ನೀವು 120 ಎಫ್‌ಪಿಎಸ್‌ನಲ್ಲಿ ಇಟ್ಟು ಒಂದೇ ಸೆಕೆಂಡಲ್ಲಿ ಕ್ಯಾಮೆರಾ ಸರ್ರನೆ ದಾಟಿಸಿ, 24ರಲ್ಲಿ ಓಡಿಸಿದ್ರೆ 5 ಸೆಕೆಂಡ್ ಆಗ್ತದೆ. ಒಂದು ಸೆಕೆಂಡ್ ರೆಪ್ಪೆ ಬಡಿಯದೆ ಇರ್ಲಿಕ್ಕೆ ಮಕ್ಕಳಿಗೂ ಆಗ್ತದೆ, ಐದು ಸೆಕೆಂಡ್ ದೊಡ್ಡವರಿಗೂ ಕಷ್ಟ.

ಪೆರ್ಲ_ಕತ್ತಲೆಕೋಣೆ
ನಿಮ್ಮ ಹತ್ರ ಫ್ಲಾಶ್ ಉಂಟಲ್ಲ, ದಾರಿ ಅಲ್ಲೇ ಉಂಟು. 1878ರಲ್ಲಿ ಮೈಬ್ರಿಜ್ ಅಂತ ಒಬ್ಬ ಫೋಟೋಗ್ರಾಫರ್ ಓಡುವ ಕುದುರೆ ತೆಗೆದದ್ದು 12 ಕ್ಯಾಮೆರಾ ಸಾಲಾಗಿಟ್ಟು, ಕುದುರೆ ದಾರ ಎಳೆದ ಹಾಗೆ ಒಂದೊಂದೇ ಶಟರ್ ಬೀಳ್ತಾ ಹೋಯ್ತು. 1999ರ ದಿ ಮ್ಯಾಟ್ರಿಕ್ಸ್ ಸಿನೆಮಾದಲ್ಲಿ ಇಂಥದ್ದೇ ಶಾಟಿಗೆ ಸುಮಾರು 120 ಸ್ಟಿಲ್ ಕ್ಯಾಮೆರಾ, ಕಂಪ್ಯೂಟರ್ ಹೇಳಿದ ಕ್ರಮದಲ್ಲಿ ಶಟರ್. ಎರಡರಲ್ಲೂ ತಲೆನೋವು ಶಟರಿನ ಟೈಮಿಂಗೇ. ನೀವು ಆ ಕೆಲಸ ಶಟರಿನ ಕೈಯಿಂದ ತೆಗೆದು ಫ್ಲಾಶಿಗೆ ಕೊಡಿ.

ಪೂರ್ತಿ ಕತ್ತಲೆ ಮಾಡಿ, ಎಲ್ಲಾ ಫೋನ್ ಪ್ರೊ ಮೋಡ್‌ನಲ್ಲಿ 8 ಅಥವಾ 10 ಸೆಕೆಂಡ್ ಎಕ್ಸ್‌ಪೋಷರ್, ಅಂದ್ರೆ ಅಷ್ಟು ಹೊತ್ತು ಶಟರ್ ತೆರೆದೇ ಇರ್ತದೆ. ನೈಟ್ ಮೋಡ್ ಬೇಡ, ಅದು ಹತ್ತಾರು ಫೋಟೋ ಸೇರಿಸಿ ಹಾಳು ಮಾಡ್ತದೆ. ಮೂರು ಜನ ನಿಂತು ನಾಲ್ಕು ನಾಲ್ಕು ಫೋನ್ ಒತ್ತಿದ್ರೂ ಸಾಕು, ಒತ್ತುವಾಗ ಸ್ವಲ್ಪ ಅಲುಗಿದ್ರೆ ತೊಂದ್ರೆ ಇಲ್ಲ, ಕತ್ತಲಲ್ಲಿ ಎಂತದೂ ದಾಖಲಾಗುದಿಲ್ಲ. ಎಲ್ಲಾ ತೆರೆದ ಮೇಲೆ ಅವ ಹಾರುವಾಗ ಫ್ಲಾಶಿನ ಟೆಸ್ಟ್ ಬಟನ್ ಒತ್ತಿ. ಹನ್ನೆರಡರಲ್ಲೂ ಅದೇ ಒಂದು ಕ್ಷಣ, ಓರೆಯಾಗುದೂ ಇಲ್ಲ. ಪವರ್ ಮಾತ್ರ ಫುಲ್ ಇಡ್ಬೇಡಿ, ಸಣ್ಣ ಫ್ಲಾಶ್ ಫುಲ್ ಪವರಲ್ಲಿ ಸೆಕೆಂಡಿನ ಸಾವಿರದ ಒಂದು ಪಾಲೋ ಅದಕ್ಕೂ ಜಾಸ್ತಿಯೋ ಉರಿತದೆ, 1/32ಕ್ಕೆ ಇಳಿಸಿದ್ರೆ ಹತ್ತು ಸಾವಿರದ ಒಂದು ಪಾಲಿಗಿಂತ ಕಮ್ಮಿ. ಬೆಳಕು ಸಾಲದಿದ್ರೆ ಇನ್ನೊಂದೆರಡು ಫ್ಲಾಶ್ ಸಾಲ ತನ್ನಿ, ಸ್ಲೇವ್ ಮೋಡ್ ಇದ್ರೆ ಒಂದು ಮಿಂಚಿದ ಕೂಡ್ಲೆ ಉಳಿದದ್ದೂ ಮಿಂಚ್ತದೆ.

ಫೋನುಗಳನ್ನು 3 ಮೀಟರ್ ದೂರದಲ್ಲಿ ಕಮಾನಿನ ಹಾಗೆ ಇಡಿ, ಒಂದಕ್ಕೊಂದು 26 ಸೆಂಟಿಮೀಟರ್ ಅಂತರ, ಆಗ ಪ್ರತಿ ಹೆಜ್ಜೆ 5 ಡಿಗ್ರಿ, ಒಟ್ಟು 55 ಡಿಗ್ರಿ ಸುತ್ತು. ಇದಕ್ಕಿಂತ ಅಗಲ ಮಾಡುವ ಆಸೆಗೆ ಬೀಳ್ಬೇಡಿ. ಅಡಕೆ ದಬ್ಬೆ ಬಗ್ಗಿಸಿ ಗೂಟಕ್ಕೆ ಕಟ್ಟಿದ್ರೆ ಅದೇ ರಿಗ್, ಫೋನ್ ಹಿಡಿಯುವ ಚೌಕಟ್ಟು.

ಮಂಜೇಶ್ವರ_ಮದ್ದಳೆ
ಫೋಟೋ ವಿಷಯ ನನಗೆ ಗೊತ್ತಿಲ್ಲ, ನಾನು ಹಿಮ್ಮೇಳದವ. ಒಂದು ಹೇಳ್ತೇನೆ, ಪೂರ್ತಿ ಕತ್ತಲಲ್ಲಿ ಸುತ್ತು ಹೊಡೆದು ಹಾರುವ ದಿಗಿಣ ಮಾಡಿಸ್ಲೇಬೇಡಿ, ಕಿರೀಟ ಭುಜಕೀರ್ತಿ ಕಟ್ಟಿದವನಿಗೆ ಹೇಗೂ ಕೆಳಗೆ ಕಾಣುದು ಕಮ್ಮಿ, ಕಾಲು ತಿರುಚಿದ್ರೆ ಆ ಹುಡುಗನ ಈ ವರ್ಷದ ಮೇಳದ ತಿರುಗಾಟ ಹೋಯ್ತು. ನಿಂತಲ್ಲೇ ಒಂದು ಹಾರಾಟ ಸಾಕು. ದೀಪ ಇರುವಾಗ್ಲೇ ಜಾಗ ಗುರ್ತು ಮಾಡಿಸಿ ನೆಲಕ್ಕೆ ರೇಡಿಯಂ ಟೇಪ್ ಹಾಕಿ, ಚಾಪೆ ದಪ್ಪದ್ದು ಹಾಸಿ.

ಮತ್ತೆ ಬಟನ್ ಒತ್ತುವವ ಕಣ್ಣಲ್ಲಿ ನೋಡಿ ಒತ್ತುದಲ್ಲ, ನೋಡಿ ಒತ್ತುವಷ್ಟರಲ್ಲಿ ಅವ ಇಳಿದಾಗಿರ್ತದೆ. ಮದ್ದಳೆ ಬಾರಿಸ್ಲಿ, ಮುಕ್ತಾಯದ ಪೆಟ್ಟಿಗೆ ಅವ ಏರ್ಬೇಕು, ಪೆಟ್ಟು ಕೇಳಿ ಲೆಕ್ಕದಲ್ಲಿ ಒತ್ಬೇಕು. ತಾಳ ಗೊತ್ತಿರುವವನ ಕೈಗೇ ಬಟನ್ ಕೊಡಿ.

ಪೆರ್ಲ_ಕತ್ತಲೆಕೋಣೆ
ಇದು ನನಗೆ ಹೊಳೆದಿರ್ಲಿಲ್ಲ, ತುಂಬಾ ಸರಿ. ಲೆಕ್ಕವೂ ಇದಕ್ಕೆ ಕೂಡ್ತದೆ, ಹಾರಾಟದ ತುದಿ ಮುಟ್ಟುವ ಹೊತ್ತಿನ ಆಚೀಚೆ 0.1 ಸೆಕೆಂಡಲ್ಲಿ ದೇಹ ಏರುದು ಇಳಿಯುದು 5 ಸೆಂಟಿಮೀಟರ್ ಅಷ್ಟೇ, ಹಾಗಾಗಿ ತಾಳದಲ್ಲಿ ಒತ್ತಿದ್ರೆ ಚೂರು ಹೆಚ್ಚುಕಮ್ಮಿ ಆದ್ರೂ ತುದಿಯಲ್ಲೇ ಸಿಕ್ತಾನೆ. ಕಿರೀಟದ ಹೊಳಪಿಗೆ ಫ್ಲಾಶ್ ನೇರ ಬಿದ್ರೆ ಕಣ್ಣು ಕುಕ್ಕುವ ಚುಕ್ಕೆ ಆಗ್ತದೆ, ಫ್ಲಾಶಿನ ಎದುರಿಗೆ ಒಂದು ಬಿಳಿ ಮುಂಡು ಅಡ್ಡ ಕಟ್ಟಿ.

ಬದಿಯಡ್ಕ_ಕಿರುಚಿತ್ರ
ಇಷ್ಟು ಸಿಗ್ತದೆ ಅಂತ ಅಂದ್ಕೊಂಡಿರ್ಲಿಲ್ಲ, ಮದ್ದಳೆಯವರು ಹೇಳಿದ್ದು ಖಂಡಿತ ಪಾಲಿಸ್ತೇವೆ, ಅವ ನಮ್ಮ ಕ್ಲಾಸಿನವನೇ. ಒಂದು ಸಂಶಯ, ಹನ್ನೆರಡು ಫೋನ್ ಹನ್ನೆರಡು ಕಂಪೆನಿದು, ಬಣ್ಣ ಬೇರೆ, ಸೈಜ್ ಬೇರೆ. ಮತ್ತೆ ಹನ್ನೆರಡು ಫೋಟೋ ಅಂದ್ರೆ ಅರ್ಧ ಸೆಕೆಂಡಲ್ವಾ?

ಉಪ್ಪಳ_ಲೆನ್ಸ್
ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಎಲ್ಲದರಲ್ಲೂ 5500 ಕೆಲ್ವಿನ್‌ಗೆ ಲಾಕ್, ಐಎಸ್‌ಒ (ಬೆಳಕು ಹಿಡಿಯುವ ಮಟ್ಟ) ಒಂದೇ, ಫೋಕಸ್ ದೀಪ ಇರುವಾಗ್ಲೇ ಮ್ಯಾನುಯಲ್ ಲಾಕ್. ಉಳಿದ ಬಣ್ಣ ಎಡಿಟಿಂಗ್‌ನಲ್ಲಿ ಒಂದು ಬೂದು ಕಾಗದ ನೋಡಿ ಸರಿ ಮಾಡಿ. ಸೈಜಿಗೆ ಉಪಾಯ ಎಂತ ಹೇಳಿದ್ರೆ ಅವ ಹಾರುವ ಜಾಗದಲ್ಲಿ ನೆಟ್ಟಗೆ ಒಂದು ಕೋಲು ನಿಲ್ಲಿಸಿ ತಲೆ ಎತ್ತರಕ್ಕೆ ಒಂದು, ಪಾದದ ಹತ್ರ ಒಂದು ಪಟ್ಟಿ ಸುತ್ತಿ, ಎಲ್ಲಾ ಫೋನಲ್ಲಿ ಮೊದಲು ಅದರ ಫೋಟೋ ತೆಗೀರಿ. ಆಮೇಲೆ ಎರಡೂ ಪಟ್ಟಿ ಎಲ್ಲಾ ಫೋಟೋದಲ್ಲಿ ಒಂದೇ ಕಡೆ ಬೀಳುವ ಹಾಗೆ ಹಿಗ್ಗಿಸಿ ತಿರುಗಿಸಿ, ಅದೇ ನಂಬರ್ ಹಾರಾಟದ ಫೋಟೋಗೂ ಹಾಕಿ. ಈ ಕೆಲಸ ಬೇಸರದ್ದು, ಆದ್ರೆ ಶಾಟ್ ಚಂದ ಬರುದೂ ಬಾರದ್ದೂ ಇದರಲ್ಲೇ.

ಶಾಟ್ ಉದ್ದ ಮಾಡ್ಲಿಕ್ಕೆ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಫ್ರೀ ವರ್ಷನ್‌ನಲ್ಲೇ ಆಪ್ಟಿಕಲ್ ಫ್ಲೋ (ಎರಡು ಫೋಟೋ ನೋಡಿ ಮಧ್ಯದ ಫ್ರೇಮ್ ಹುಟ್ಟಿಸುದು) ಉಂಟು, ಇಲ್ಲದಿದ್ರೆ ರೈಫ್ ಅಂತ ಓಪನ್ ಸೋರ್ಸ್ ಉಂಟು. ಎರಡು ಫೋಟೋ ಮಧ್ಯೆ ಎರಡೆರಡು ಹುಟ್ಟಿಸಿದ್ರೆ ಒಟ್ಟು 34 ಫ್ರೇಮ್, 24ರಲ್ಲಿ ಒಂದೂವರೆ ಸೆಕೆಂಡ್ ಹತ್ರ. ಅದಕ್ಕಿಂತ ಎಳೆದ್ರೆ ಬೆರಳು, ಬಿಲ್ಲು ಎಲ್ಲಾ ಕರಗಿದ ಹಾಗೆ ಆಗ್ತದೆ. ಮುಂದಿನ ಹಿಂದಿನ ಕುಣಿತ ಬೇರೆಯೇ ವಿಡಿಯೋ ತೆಗೀರಿ, ಮೊದಲ ಫೋನ್ ಇದ್ದ ಜಾಗದಿಂದ ಒಂದು, ಕೊನೇ ಫೋನ್ ಇದ್ದ ಜಾಗದಿಂದ ಒಂದು, ಹಿಂದೆ ಅದೇ ಕಪ್ಪು ಇರ್ಲಿ. ಜೋಡಿಸುವಲ್ಲಿ ಎರಡು ಬಿಳಿ ಫ್ರೇಮ್ ಹಾಕಿದ್ರೆ ಹೊಲಿಗೆ ಕಾಣುದಿಲ್ಲ.