ಅರಬೈಲ್ ಘಟ್ಟ ಇಳಿಯೂಮುಂದ ಎಎಂಟಿ ಗಾಡಿ ‘ಎಂ’ಗೆ ಹಾಕಬೇಕೇನ್ರಿ?

ವಿದ್ಯಾನಗರದಾಕಿ, ಹುಬ್ಬಳ್ಳಿ:
ಎಲ್ಲಾರಿಗೂ ನಮಸ್ಕಾರ ರೀ. ಹನ್ನೆರಡು ವರ್ಷ ಗೇರಿನ ಗಾಡಿ ಹೊಡದಾಕಿ ನಾನು. ಮೊಣಕಾಲು ನೋವು ಸುರುವಾಗಿ ಕ್ಲಚ್ ಒತ್ತೂದು ತ್ರಾಸಾತು, ಅದಕ್ಕ 2019ರ ಸೆಕೆಂಡ್ ಹ್ಯಾಂಡ್ ಎಎಂಟಿ (ಕ್ಲಚ್ ಪೆಡಲ್ ಇಲ್ಲದ, ತಾನ ಗೇರ್ ಬದಲಿಸೂ ಗಾಡಿ) ತಗೊಂಡೆ. ಹೋದ ವಾರ ಅಪ್ಪ ಅವ್ವನ್ನ ಕರಕೊಂಡು ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲಾಕ್ಕ ಹೊಂಟಿದ್ದೆ. ಅರಬೈಲ್ ಘಟ್ಟದಾಗ ‘ಡಿ’ನಾಗ, ಅಂದ್ರ ಗೇರ್ ಗಾಡಿಗೇ ಬಿಟ್ಟು, ಇಳಿಯಾಕತ್ತಿದ್ದೆ. ಆಕ್ಸಿಲರೇಟರ್ ಬಿಟ್ರೂ ಗಾಡಿ ತಾನ ಮೂರಕ್ಕ, ನಾಲ್ಕಕ್ಕ ಏರಿ ಓಟ ಹೆಚ್ಚು ಮಾಡ್ತಿತ್ತು. ಮುಂದೊಂದು ಲೋಡ್ ಲಾರಿ, ಹಿಂದೊಂದು. ತಿರುವು ತಿರುವಿಗೂ ಬ್ರೇಕ್ ಮ್ಯಾಲ ಕಾಲು. ಅರ್ಧ ಘಟ್ಟಕ್ಕ ಸುಟ್ಟ ವಾಸನಿ ಬಂತು, ಪೆಡಲ್ ಮೆತ್ತಗಾತು. ಅಪ್ಪಾರು ಮಾತು ಬಿಟ್ಟು ಮ್ಯಾಲಿನ ಹಿಡಿಕಿ ಹಿಡಕೊಂಡು ಕುಂತ್ರು.

ನಾವ ಕೈಲೆ ಗೇರ್ ಬದಲಿಸಾಕ ‘ಎಂ’ ಅಂತ ಐತಿ. ಗಾಡಿ ಮಾರಿದಾತ ‘ಎಂ ಮುಟ್ಟಬ್ಯಾಡ್ರಿ, ಎಂಜಿನ್ ಕೆಡ್ತೈತಿ’ ಅಂದಿದ್ದ. ಖರೇನ್ರಿ? ಮುಂದಿನ ತಿಂಗಳ ಮತ್ತ ಹೋಗೂದೈತಿ.

ನವನಗರದ ಹಳೇ ಡ್ರೈವರ್:
ಅಕ್ಕಾರ, ಖರೆ ಅಲ್ಲ. ‘ಎಂ’ ಕೊಟ್ಟಿದ್ದ ಇಂಥಾ ಕಡೆಗೆ. ಇಪ್ಪತ್ತೆರಡು ವರ್ಷ ಕಾರವಾರ ಲೈನಿನಾಗ ಲಾರಿ ಹೊಡದೇನಿ, ಈಗ ಮಗನ ಎಎಂಟಿ ಹೊಡಿತೇನಿ. ಘಟ್ಟ ಯಾವ ಗೇರಿನಾಗ ಹತ್ತತೀಯೋ ಅದ ಗೇರಿನಾಗ ಇಳಿ ಅಂತ ನಮ್ಮ ಉಸ್ತಾದ ಕಲಿಸಿದ್ದ. ಎಎಂಟಿಗೂ ಅದ ಲೆಕ್ಕ.

ಗೇರಿನಾಗ ಇದ್ದು ಆಕ್ಸಿಲರೇಟರ್ ಮ್ಯಾಲಿಂದ ಕಾಲು ತಗದ್ರ ಗಾಲಿನ ಎಂಜಿನ್ ತಿರುಗಸ್ತಾವು, ಎಂಜಿನ್ ಗಾಡಿನ ತಡಿತೈತಿ. ಇಂಜೆಕ್ಷನ್ ಗಾಡ್ಯಾಗ ಆಗ ಎಣ್ಣಿನ ಬಂದ್ ಆಗಿರ್ತೈತಿ. ಉಳಿತಾಯ ಅಂತ ನ್ಯೂಟ್ರಲ್ ಮಾಡಿ ಇಳಿಯಾವರು ಅದಾರ. ನ್ಯೂಟ್ರಲ್‌ನಾಗ ಎಂಜಿನ್ ಚಾಲೂ ಇರಾಕ ಎಣ್ಣಿ ಬೇಕು, ತಡಿಯಾಕ ಬ್ರೇಕ್ ಬಿಟ್ರ ಏನೂ ಇಲ್ಲ. ದಯವಿಟ್ಟು ಹಂಗ ಮಾಡಬ್ಯಾಡ್ರಿ. ದನಿ ಏರಿ ಆರ್‌ಪಿಎಂ (ಎಂಜಿನ್ ನಿಮಿಷಕ್ಕ ತಿರುಗೂ ಸುತ್ತು) 3,000 ದಾಟಿದ್ರ ಅಂಜಬ್ಯಾಡ್ರಿ. ಮೀಟರಿನ ಕೆಂಪು ಗೆರಿ ಸಮೀಪ ಬಂದ್ರ ಎಎಂಟಿ ಸಾಮಾನ್ಯವಾಗಿ ತಾನ ಮ್ಯಾಲಿನ ಗೇರಿಗೆ ಹೋಗ್ತೈತಿ.

ಒಂದು ಮಾತು ಮಾತ್ರ ನೆನಪಿಡ್ರಿ. ಎಎಂಟಿ ಗೇರ್ ಬದಲಿಸೂಮುಂದ ಕ್ಲಚ್ ಬಿಟ್ಟು ಹಿಡಿತೈತಿ, ಆ ಒಂದು ಗಳಿಗಿ ಗಾಡಿಗೆ ಲಗಾಮು ಇರಂಗಿಲ್ಲ. ತಿರುವಿನಾಗ ಹಂಗಾದ್ರ ಎದಿ ಧಸಕ್ ಅಂತೈತಿ. ಅದಕ್ಕ ಇಡಗುಂದಿ ದಾಟಿ ಇಳಕಲು ಸುರುವಾಗೂ ಮೊದಲ ‘ಎಂ’ಗೆ ತಂದು 3 ಮಾಡ್ರಿ, ಕಡಿದಾದಲ್ಲಿ ತಿರುವಿಗಿಂತ ಮುಂಚೆ 2. ಬ್ರೇಕ್ ಬೇಕಾದ್ರ ಗಟ್ಟಿ ಒತ್ತಿ ಪೂರ್ತಿ ಬಿಡ್ರಿ. ಸಣ್ಣಗ ಒತ್ತಿಕೊಂಡ ಇದ್ರ ಬಿಸಿ ಆರಾಕ ಪುರಸೊತ್ತು ಸಿಗಂಗಿಲ್ಲ.

ಗೇರ್ ಇಳಸಾಕ ಕೆಲವು ಗಾಡ್ಯಾಗ ಹಿಡಿಕಿ ಮುಂದ ನೂಕಬೇಕು, ಕೆಲವದರಾಗ ಹಿಂದ ಎಳಿಬೇಕು. ಖಾಲಿ ರಸ್ತಾದಾಗ ಕೈಗೆ ರೂಢಿ ಮಾಡ್ಕೊಂಡು ಹೋಗ್ರಿ.

ಧಾರವಾಡ, ಸಪ್ತಾಪುರ:
ನಂದು ಸಿವಿಟಿ, ಅಂದ್ರ ಬ್ಯಾರೆ ನಮೂನಿ ಆಟೋಮ್ಯಾಟಿಕ್. ಅನಮೋಡ್ ಘಟ್ಟದಾಗ ‘ಎಲ್’ಗೆ (ಲೋ, ಕೆಳಗಿನ ಗೇರಿನಂಗ) ಹಾಕಿ ಇಳಿತೇನಿ, ಬ್ರೇಕ್ ಭಾಳ ಕಮ್ಮಿ ಬೇಕಾಗ್ತೈತಿ.

ಗದಗ, ಗ್ಯಾರೇಜಿನಾವ:
ಅಕ್ಕಾರ, ಪೆಡಲ್ ಮೆತ್ತಗಾಗಿದ್ದು ನನಗ ಚಿಂತಿ ಹಚ್ಚೈತಿ. ಬ್ರೇಕ್ ಆಯಿಲ್ ಗಾಳಿಯಾಗಿನ ನೀರು ಹೀರ್ತೈತಿ. ಡಾಟ್ 3 ದರ್ಜೆ ಆಯಿಲ್ ಹೊಸಾದಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಬಾರದು. ನೀರು ಹೀರಿದ ಮ್ಯಾಲ ಆ ಮಿತಿ 140. ಕುದ್ದು ಗುಳ್ಳಿ ಎದ್ರ ಪೆಡಲ್ ಒಳಗ ಹೊಕ್ಕೊಂತೈತಿ. ಮೊದಲು ಆಯಿಲ್ ಬದಲಸ್ರಿ, ಪ್ಯಾಡ್ ತೋರಸ್ರಿ. ಘಟ್ಟದ ಮಾತು ಆಮ್ಯಾಲ.

ವಿದ್ಯಾನಗರದಾಕಿ, ಹುಬ್ಬಳ್ಳಿ:
ಬದಲಿಸಿದೆ ರೀ, ಹಳೇದು ಚಹಾದಂಗ ಕಂದು ಬಂತು. ‘ಎಂ’ ರೂಢಿನೂ ಆಗಾಕತ್ತೈತಿ. ಇನ್ನೊಂದು ಸಂಶಯ: ಎಂಜಿನ್ನ ಗಾಡಿ ತಡದ್ರ ಹಿಂದಿನ ಕೆಂಪು ದೀಪ ಹತ್ತಂಗಿಲ್ಲಲ್ಲ, ಹಿಂದಿನ ಲಾರಿಯವಗ ಹೆಂಗ ಗೊತ್ತಾಗಬೇಕು?

ನವನಗರದ ಹಳೇ ಡ್ರೈವರ್:
ಛಲೋ ಕೇಳಿದ್ರಿ. ಗೇರ್ ಇಳಸೂ ಮುಂಚೆ ಪೆಡಲ್ ಎರಡು ಸಲ ಹಗೂರ ಮುಟ್ಟಿ ಬಿಡ್ರಿ, ದೀಪ ಮಿನುಗ್ತೈತಿ. ಹಿಂದಿನಾವ ದೂರ ಸರಿತಾನ.