ಕೋಕ್‌ಟೌನ್‌ನ ನೇರಳೆ ನದಿ ಯಾವುದು? ಹಳೆಯ ಮ್ಯಾಂಚೆಸ್ಟರ್ ನಕ್ಷೆಗೆ ಸಹಾಯ ಬೇಕು

ಪ್ರಶ್ನೆ: 1840–55ರ ಮ್ಯಾಂಚೆಸ್ಟರ್ ಕುರಿತ ಪುಸ್ತಕಗಳಲ್ಲಿ ಬರುವ ನದಿದಂಡೆಗಳನ್ನೆಲ್ಲ ಒಂದು ನಕ್ಷೆಯಲ್ಲಿ ಗುರುತಿಸಬೇಕು. ಡಿಕನ್ಸ್‌ರ ‘ಹಾರ್ಡ್ ಟೈಮ್ಸ್’ ಕಾದಂಬರಿಯ ಕೋಕ್‌ಟೌನ್ ಊರಲ್ಲಿ ಬಟ್ಟೆಬಣ್ಣ ಸೇರಿ ನೇರಳೆಯಾದ, ನಾರುವ ನದಿ ಇದೆಯಲ್ಲ, ಅದು ಮ್ಯಾಂಚೆಸ್ಟರ್‌ನ ಇರ್ವೆಲ್ ನದಿಯೋ ಮೆಡ್ಲಾಕೋ?

ಉತ್ತರ 1: ಎರಡೂ ಅಲ್ಲ. ಕೋಕ್‌ಟೌನ್ ಕಲ್ಪನೆಯ ಊರು. ಗಿರಣಿ ಕಾರ್ಮಿಕರ ಹೋರಾಟ ನೋಡಲು 1854ರ ಜನವರಿಯಲ್ಲಿ ಡಿಕನ್ಸ್ ಹೋದದ್ದು ಪ್ರೆಸ್ಟನ್‌ಗೆ. ಅಲ್ಲಿನ ನದಿ ರಿಬಲ್. ಏಪ್ರಿಲ್‌ನಲ್ಲಿ ‘ಹಾರ್ಡ್ ಟೈಮ್ಸ್’ ಧಾರಾವಾಹಿಯಾಗಿ ಶುರುವಾಯಿತು. ಕೋಕ್‌ಟೌನ್ ನದಿಯನ್ನು ನಕ್ಷೆಗೆ ಹಾಕಲೇಬೇಡಿ. ಕಾದಂಬರಿಗಾರ್ತಿ ಎಲಿಜಬೆತ್ ಗ್ಯಾಸ್ಕೆಲ್‌ರ ‘ಮೇರಿ ಬಾರ್ಟನ್’ (1848) ಊರಿನ ಹೆಸರು ಹಿಡಿದೇ ಹೇಳುತ್ತದೆ, ಅದನ್ನು ಹಾಕಿ. ಅವರದೇ ‘ನಾರ್ತ್ ಆ್ಯಂಡ್ ಸೌತ್’ನಲ್ಲಿ ಮ್ಯಾಂಚೆಸ್ಟರ್ ‘ಮಿಲ್ಟನ್’ ಆಗಿದೆ, ಅದಕ್ಕೆ ಬೇರೆ ಬಣ್ಣ ಕೊಡಿ.

ಉತ್ತರ 2: ನಿಮಗೆ ನಿಜಕ್ಕೂ ಬೇಕಿರುವುದು ಮಾರ್ಕ್ಸ್‌ನ ಗೆಳೆಯ ಎಂಗೆಲ್ಸ್, ಅವನ ‘ಇಂಗ್ಲೆಂಡಿನ ಕಾರ್ಮಿಕ ವರ್ಗದ ಸ್ಥಿತಿ’ ಪುಸ್ತಕ. ಬೀದಿ, ಸೇತುವೆಗಳ ಹೆಸರು ಕೊಡುವವನು ಅವನೇ. ಡ್ಯೂಸಿ ಸೇತುವೆಯಿಂದ ಅವನು ಕಂಡ ಇರ್ಕ್ ಹೊಳೆ: ಕಲ್ಲಿದ್ದಲಿನಷ್ಟು ಕಪ್ಪು, ಮಳೆಯಿಲ್ಲದಾಗ ದಂಡೆಗುಂಟ ಕಪ್ಪು-ಹಸಿರು ಕೆಸರಿನ ಗುಂಡಿಗಳು, ಅವುಗಳಿಂದ ಏಳುವ ಗುಳ್ಳೆ. ನೀರಿನಿಂದ 40–50 ಅಡಿ ಮೇಲೆ ನಿಂತರೂ ನಾತ ತಡೆಯಲಾಗದು. ಕಾರಣವನ್ನೂ ಹೇಳುತ್ತಾನೆ: ಸೇತುವೆಯ ಮೇಲ್ಭಾಗದಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳು, ಎಲುಬು ಅರೆಯುವ ಗಿರಣಿಗಳು, ಗ್ಯಾಸ್ ಕಾರ್ಖಾನೆಗಳು. ಸೇತುವೆಯ ತಡೆಗೋಡೆ ಆಳೆತ್ತರ ಇದ್ದದ್ದರಿಂದ ಕುಳ್ಳರಿಗೆ ಈ ದೃಶ್ಯ ಕಾಣುವುದಿಲ್ಲವಂತೆ!

ಇಂದಿನ ನಕ್ಷೆ ಇಟ್ಟುಕೊಂಡು ಕೂತರೆ ಎಡವುತ್ತೀರಿ. ಇರ್ಕ್ ಈಗ ವಿಕ್ಟೋರಿಯಾ ಸ್ಟೇಷನ್ ಅಡಿಯ ಸುರಂಗದಲ್ಲೇ ಹರಿದು ಇರ್ವೆಲ್ ಸೇರುತ್ತದೆ. ಇರ್ವೆಲ್‌ನ ಕೆಳಭಾಗ 1894ರ ಹಡಗು ಕಾಲುವೆಯ ಪಾಲಾಯಿತು. 1840ರ ದಶಕದ, ಮೈಲಿಗೆ 6 ಅಂಗುಲದ ಆರ್ಡ್‌ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ಹಾಳೆಗಳು ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿವೆ. ಮೊದಲು ಸೇತುವೆ ಹುಡುಕಿ, ಆಮೇಲೆ ದಂಡೆ.

ಉತ್ತರ 3: ಒಂದು ಎಚ್ಚರಿಕೆ. ಎಂಗೆಲ್ಸ್ ಓದಿ ಗ್ಯಾಸ್ಕೆಲ್ ಬರೆದರು ಎಂದು ಸಲೀಸಾಗಿ ಬರೆದುಬಿಡಬೇಡಿ. ಆ ಪುಸ್ತಕ 1845ರಲ್ಲಿ ಬಂದದ್ದು ಜರ್ಮನ್‌ನಲ್ಲಿ. ಇಂಗ್ಲಿಷ್ ಅನುವಾದ 1887ರದು. ಗ್ಯಾಸ್ಕೆಲ್ ತೀರಿಕೊಂಡದ್ದು 1865ರಲ್ಲಿ.

ಇನ್ನು, ನದಿಯಷ್ಟೇ ನೋಡಿದರೆ ಗಿರಣಿಯ ಒಳಗಿನ ಗಾಳಿ ತಪ್ಪಿಹೋಗುತ್ತದೆ. ‘ನಾರ್ತ್ ಆ್ಯಂಡ್ ಸೌತ್’ನ ಗಿರಣಿ ಕೆಲಸದ ಹುಡುಗಿ ಬೆಸಿ ಸಾಯುವುದು ಹತ್ತಿ ಹಿಂಜುವ ಕೋಣೆಯ ಧೂಳಿನಿಂದ. ಧೂಳು ಎಳೆದು ಹೊರಹಾಕುವ ಚಕ್ರ ಆಗಲೇ ಇತ್ತು. 500–600 ಪೌಂಡ್ ಬೀಳುತ್ತೆ, ಲಾಭ ಬರಲ್ಲ, ಅದಕ್ಕೇ ಹಾಕಿಸುವವರು ಕಡಿಮೆ ಅನ್ನುತ್ತಾಳೆ ಅವಳು.

ಪ್ರಶ್ನೆ ಕೇಳಿದವರು: ಧನ್ಯವಾದ. ಎಂಗೆಲ್ಸ್ ಹೇಳುವ ‘ಲಿಟಲ್ ಐರ್ಲೆಂಡ್’ ಕೊಳೆಗೇರಿ ಎಲ್ಲಿ ಬರುತ್ತೆ?

ಉತ್ತರ 2: ಮೆಡ್ಲಾಕ್‌ನ ತಿರುವಿನೊಳಗೆ, ಈಗಿನ ಆಕ್ಸ್‌ಫರ್ಡ್ ರೋಡ್ ಸ್ಟೇಷನ್ ಪಕ್ಕ. ಅವನ ಲೆಕ್ಕದಲ್ಲಿ ಸುಮಾರು 200 ಮನೆ, 4,000 ಜನ.