ಸೊಲೊಮೋನನ ಬುದ್ಧಿ, ಭಾನುವಾರದ ಟ್ಯೂಷನ್: ಏನು ಮಾಡಲಿ?

ಸಿಡ್ನಿ ಅಮ್ಮ:
ಎಲ್ಲರಿಗೂ ವಂದನೆಗಳು. ಹಿರಿಯರು ಸ್ವಲ್ಪ ದಾರಿ ಹೇಳಿ. ಮಗ ಈಗ ಐದನೇ ಕ್ಲಾಸು. ಮುಂದಿನ ವರ್ಷ ಸೆಲೆಕ್ಟಿವ್ ಸ್ಕೂಲ್ (ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸುವ ಸರ್ಕಾರಿ ಶಾಲೆ) ಪರೀಕ್ಷೆ. ಟ್ಯೂಷನ್ನಿನವರು ಭಾನುವಾರ ಬೆಳಿಗ್ಗೆಯ ಬ್ಯಾಚ್ ಕೊಟ್ಟಿದ್ದಾರೆ. ಚರ್ಚಿನ ಸಂಡೇ ಸ್ಕೂಲೂ ಅದೇ ಹೊತ್ತಿಗೆ. "ಒಂದು ವರ್ಷ ತಾನೇ, ಟ್ಯೂಷನ್ನಿಗೆ ಹೋಗಲಿ ಬಿಡು" ಅಂತಾರೆ ನಮ್ಮ ಯಜಮಾನರು. ನನಗೆ ಮನಸ್ಸು ಒಪ್ಪುತ್ತಿಲ್ಲ.

ಇನ್ನೊಂದು. ಹೋದ ವಾರ ಅಲ್ಲಿ ಬೈಬಲಿನ ಇಸ್ರಾಯೇಲ್ ಅರಸ ಸೊಲೊಮೋನನ ಪಾಠ ಆಯಿತಂತೆ. ಕಾರಿನಲ್ಲಿ ಬರುವಾಗ ಕೇಳಿದ, "ದೇವರೇ ಜ್ಞಾನ ಕೊಟ್ಟಿದ್ದರೆ ಮುದುಕನಾದ ಮೇಲೆ ಬೇರೆ ದೇವರುಗಳಿಗೆ ಗುಡಿ ಯಾಕೆ ಕಟ್ಟಿಸಿದ? ಅಷ್ಟು ಬುದ್ಧಿ ಇದ್ದೂ ಗೊತ್ತಾಗಲಿಲ್ವಾ ಅಮ್ಮ?" ನನಗೆ ಉತ್ತರ ಹೊಳೆಯಲಿಲ್ಲ. ಏನು ಹೇಳಬೇಕಿತ್ತು?

ಪರ್ತ್, ಊರು ಉಡುಪಿ:
ಶನಿವಾರದ ಬ್ಯಾಚ್ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಎಷ್ಟೋ ಕಡೆ ಇರುತ್ತದೆ, ಕೇಳದೆ ಕೊಡುವುದಿಲ್ಲ. ನಿಮ್ಮ ಶಿಕ್ಷಣ ಇಲಾಖೆಯ ವೆಬ್‌ಸೈಟಿನಲ್ಲೂ ಮಾದರಿ ಪರೀಕ್ಷೆಗಳಿವೆ. ಮನೆಯಲ್ಲೇ ಟೈಮ್ ಇಟ್ಟು ಬರೆಸಿ.

ದುಬೈ ಅಂಕಲ್:
ಭಾನುವಾರವೇ ಆಗಬೇಕು ಅಂತ ಯಾಕೆ ಹಟ? ನಮಗೆ ಇಲ್ಲಿ ವಾರದ ರಜೆ ಬದಲಾಗಿದ್ದೇ 2022ರಲ್ಲಿ. ಅಲ್ಲಿಯವರೆಗೆ ಶುಕ್ರವಾರವೇ ಆರಾಧನೆ, ಶುಕ್ರವಾರವೇ ಸಂಡೇ ಸ್ಕೂಲು. ನನ್ನ ಇಬ್ಬರೂ ಮಕ್ಕಳು ಒಂದು ವಾರವೂ ತಪ್ಪಿಸಲಿಲ್ಲ. ದೊಡ್ಡವಳು ಈಗ ಡೆಂಟಿಸ್ಟ್. ಟ್ಯೂಷನ್ ಮುಖ ನೋಡಿದವಳಲ್ಲ.

ಟೊರೊಂಟೊ, ಊರು ಬೆಟಗೇರಿ:
ಬ್ಯಾಚ್ ಬದಲಿಸಿದರೆ ಎಲ್ಲಾ ಸರಿಹೋಯಿತಾ? ಹುಡುಗ ಕೇಳಿದ ಪ್ರಶ್ನೆ ಯಾರೂ ಮುಟ್ಟಲೇ ಇಲ್ಲ ನೋಡಿ.

ನಾವು ಗಿಬ್ಯೋನಿನ ಕನಸು (ದೇವರು ಏನು ಬೇಕು ಅಂದಾಗ ಸೊಲೊಮೋನ ಜ್ಞಾನ ಬೇಡಿದ್ದು) ಹೇಳುತ್ತೇವೆ, ಒಂದು ಕೂಸಿಗೆ ಇಬ್ಬರು ತಾಯಂದಿರು ಜಗಳಕ್ಕೆ ಬಂದ ನ್ಯಾಯ ಹೇಳುತ್ತೇವೆ. ಅಲ್ಲಿಗೆ ಪುಸ್ತಕ ಮುಚ್ಚುತ್ತೇವೆ. ಮುಂದೆ ಓದಿ. ಬೈಬಲಿನ ಧರ್ಮೋಪದೇಶಕಾಂಡ 17ನೇ ಅಧ್ಯಾಯದಲ್ಲಿ ಅರಸನಾದವನಿಗೆ ಮೂರು ಕಟ್ಟಳೆ ಇದೆ. ಕುದುರೆ ಹೆಚ್ಚಿಸಿಕೊಳ್ಳಬಾರದು, ಕುದುರೆಗಾಗಿ ಜನರನ್ನು ಐಗುಪ್ತಕ್ಕೆ (ಈಜಿಪ್ಟಿಗೆ) ಅಟ್ಟಬಾರದು. ಹೆಂಡತಿಯರನ್ನು ಹೆಚ್ಚಿಸಿಕೊಳ್ಳಬಾರದು. ಬೆಳ್ಳಿಬಂಗಾರ ಗುಡ್ಡೆ ಹಾಕಬಾರದು. ಈಗ 1 ಅರಸುಗಳು 10 ಮತ್ತು 11 ತೆಗೆಯಿರಿ. ರಥ 1,400. ಕುದುರೆ ಬಂದದ್ದು ಐಗುಪ್ತದಿಂದಲೇ, ಒಂದಕ್ಕೆ 150 ಶೆಕೆಲ್ (ಆಗಿನ ತೂಕ) ಬೆಳ್ಳಿ. ಒಂದು ವರ್ಷಕ್ಕೆ ಬಂದ ಬಂಗಾರ 666 ತಲಾಂತು (ಅದೂ ಒಂದು ದೊಡ್ಡ ತೂಕ). ರಾಣಿಯರು 700, ಉಪಪತ್ನಿಯರು 300. ಮೂರಕ್ಕೆ ಮೂರೂ ಮುರಿದ.

ಇದರಲ್ಲಿ ಪೆದ್ದತನ ಯಾವುದಿದೆ ಹೇಳಿ? ಐಗುಪ್ತದ ಅರಸ ಫರೋಹನ ಮಗಳನ್ನು ಮದುವೆಯಾದ, ಗಡಿ ಭದ್ರವಾಯಿತು. ಮಾವ ಗೆಜೆರ್ ಅನ್ನೋ ಪಟ್ಟಣವನ್ನೇ ಗೆದ್ದು ಮಗಳಿಗೆ ಬಳುವಳಿ ಕೊಟ್ಟ. ಕುದುರೆ ತರಿಸಿ ಹಿತ್ತಿಯರ ಅರಸರಿಗೆ ಮಾರಿದ, ಲಾಭದ ದಂಧೆ. ನಮ್ಮ ಪೈಕಿ ಯಾರಾದರೂ ಇಷ್ಟು ಮಾಡಿದ್ದರೆ ಕನ್ನಡ ಸಂಘದಲ್ಲಿ ಶಾಲು ಹೊದಿಸಿ ಹಾರ ಹಾಕುತ್ತಿದ್ದೆವು. ಲೋಕದ ಬುದ್ಧಿಯ ಲೆಕ್ಕ ಯಾವಾಗಲೂ ಸರಿಯಾಗೇ ಇರುತ್ತದೆ, ಅದೇ ಅದರ ಅಪಾಯ. ಆ ಹೆಂಡತಿಯರಿಗಾಗಿಯೇ ಯೆರೂಸಲೇಮಿನ ಎದುರಿನ ಗುಡ್ಡದಲ್ಲಿ ಮೋವಾಬ್ಯರ ದೇವರು ಕೆಮೋಷನಿಗೆ ಪೂಜಾಸ್ಥಳ ಕಟ್ಟಿಸಿದ. ಮನೆಯಲ್ಲಿ ಜಗಳ ಬೇಡ, ನೆಂಟ ರಾಜರಿಗೆ ಬೇಸರ ಬೇಡ. ಅಷ್ಟೇ ಅಲ್ವಾ?

ಇನ್ನು ಸೊಲೊಮೋನನ ಮಗ ರೆಹಬ್ಬಾಮನ ಮಾತು. ಸೊಲೊಮೋನ ಆಳಿದ್ದು 40 ವರ್ಷ. ರೆಹಬ್ಬಾಮ ಪಟ್ಟಕ್ಕೆ ಬಂದಾಗ ವಯಸ್ಸು 41. ಲೆಕ್ಕ ಹಾಕಿ. ಅಪ್ಪ ಸಿಂಹಾಸನ ಏರುವಾಗ ಇವನು ತೊಟ್ಟಿಲ ಕೂಸು. 40 ವರ್ಷ ಅಂಥ ಜ್ಞಾನಿಯ ಮನೆಯಲ್ಲೇ ಉಂಡು ಬೆಳೆದ. ಅಪ್ಪನ ಹೆಸರಿನ ಜ್ಞಾನೋಕ್ತಿ ಪುಸ್ತಕ ತೆಗೆದರೆ "ಮಗನೇ, ಕೇಳು" ಅನ್ನುವ ಮಾತೇ ಮಾತು. ಶೆಕೆಮ್ ಊರಿನಲ್ಲಿ ಜನ ಬಂದು ಅಪ್ಪ ಹೊರಿಸಿದ ದುಡಿಮೆಯ ನೊಗ ಹಗುರ ಮಾಡು ಅಂದಾಗ ಹಿರಿಯರ ಬುದ್ಧಿಮಾತು ಬಿಟ್ಟ, ಜತೆಗೆ ಬೆಳೆದ ಗೆಳೆಯರ ಮಾತು ಕೇಳಿದ. ಅಪ್ಪ ಚಾವಟಿಯಲ್ಲಿ ಹೊಡೆದರೆ ನಾನು ಚೇಳಿನಿಂದ ಹೊಡೆಯುತ್ತೇನೆ ಅಂದ. ಇಸ್ರಾಯೇಲಿನ 12 ಕುಲಗಳಲ್ಲಿ 10 ಎದ್ದು ಹೋದವು. ಈ ಮಕ್ಕಳಿಗೆ ನಾವು ಕೊಡುತ್ತಿರುವ ಸ್ನೇಹ ಯಾರದ್ದು, ಅದನ್ನು ಮೊದಲು ನೋಡಿ. ಟ್ಯೂಷನ್ ಬಿಡಿಸಿ. ಮಾತು ಮುಗಿಯಿತು.

ಲಂಡನ್, ಊರು ಮಂಗಳೂರು:
ಮಾತು ಮುಗಿಯಲಿಲ್ಲ ಅಣ್ಣಾ. ಅದೇ 1 ಅರಸುಗಳು 4 ಓದಿ. ಸೊಲೊಮೋನ ಲೆಬನೋನಿನ ದೇವದಾರಿನಿಂದ ಹಿಡಿದು ಗೋಡೆ ಸಂದಿಯಲ್ಲಿ ಹುಟ್ಟುವ ಗಿಡದವರೆಗೆ ಎಲ್ಲದರ ಬಗ್ಗೆ ಮಾತಾಡುತ್ತಿದ್ದನಂತೆ. ಪ್ರಾಣಿ, ಹಕ್ಕಿ, ಹರಿದಾಡುವ ಜಂತು, ಮೀನು, ಏನೂ ಬಿಟ್ಟಿಲ್ಲ. ದೇವರು ಕೊಟ್ಟ ಜ್ಞಾನದಲ್ಲಿ ಅದೂ ಇತ್ತು. ಹಾಗಿದ್ದ ಮೇಲೆ ಗಣಿತ ಕಲಿತರೆ ಲೋಕದ ಬುದ್ಧಿ ಹೇಗಾಗುತ್ತದೆ?

ರೆಹಬ್ಬಾಮನ ಗೆಳೆಯರ ಮೇಲೇ ಎಲ್ಲಾ ಹೊರಿಸಬೇಡಿ. ನೊಗ ಮಾಡಿಟ್ಟವನು ಅಪ್ಪ. ಮರ ಕಡಿಸಲು ಲೆಬನೋನಿಗೆ 30,000 ಜನ ಬಿಟ್ಟಿ ಆಳು, ತಿಂಗಳಿಗೆ 10,000ದಂತೆ ಪಾಳಿ. ದೇವಾಲಯಕ್ಕೆ 7 ವರ್ಷ, ಸ್ವಂತ ಅರಮನೆಗೆ 13. ಮಗ ನೋಡಿ ಕಲಿತದ್ದು ಆ ಕಟ್ಟಡದ ಕೆಲಸವನ್ನೇ ಇರಬೇಕು.

ಟೊರೊಂಟೊ, ಊರು ಬೆಟಗೇರಿ:
ನಾನು ಹೇಳಿದ್ದೂ ಅದೇ ಅಲ್ವಾ? ನೀವು ಓದುವುದೇ ಇಲ್ಲ.

ಲಂಡನ್, ಊರು ಮಂಗಳೂರು:
ಅಲ್ಲ. ನೀವು ಹೇಳಿದ್ದು ಟ್ಯೂಷನ್ ಬಿಡಿಸಿ ಅಂತ.

ನ್ಯೂಜೆರ್ಸಿ ಆಂಟಿ:
ನನಗೆ ಈ ಕಥೆಯಲ್ಲಿ ಜಾಸ್ತಿ ಕಾಡುವುದು ಗುರಾಣಿಗಳು. ಸೊಲೊಮೋನ ಬಂಗಾರದ ಗುರಾಣಿ ಮಾಡಿಸಿಟ್ಟಿದ್ದ. ರೆಹಬ್ಬಾಮನ 5ನೇ ವರ್ಷದಲ್ಲಿ ಐಗುಪ್ತದ ಅರಸ ಶೀಶಕ್ ಬಂದು ಅಷ್ಟನ್ನೂ ಹೊತ್ತುಕೊಂಡು ಹೋದ. ರೆಹಬ್ಬಾಮ ಬದಲಿಗೆ ತಾಮ್ರದ್ದು ಮಾಡಿಸಿದ. ಅರಸ ದೇವಾಲಯಕ್ಕೆ ಹೊರಟಾಗಲೆಲ್ಲ ಕಾವಲಿನವರು ಅದನ್ನೇ ಹಿಡಿದು ನಡೆಯುವುದು, ಆಮೇಲೆ ವಾಪಸು ಕೋಣೆಯಲ್ಲಿ ಇಡುವುದು. ನನ್ನ ಮಗನೂ ಕಾಲೇಜಿಗೆ ಹೋದ ಮೇಲೆ ಚರ್ಚಿನ ಸಭೆಗೆ ಬರುವುದು ಕ್ರಿಸ್ಮಸ್‌ಗೆ ಮಾತ್ರ. ಸೂಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಾನೆ. ಎಲ್ಲರೂ ನನಗೆ "ಎಷ್ಟು ಒಳ್ಳೇ ಹುಡುಗ" ಅಂತಾರೆ. ನಾನು ಸುಮ್ನೆ ನಗುತ್ತೇನೆ.

ದುಬೈ ಅಂಕಲ್:
ತಾಯಿ, ಅವನು ಬರುತ್ತಾನಲ್ಲ, ಅದೇ ದೊಡ್ಡದು. ನನ್ನ ಚಿಕ್ಕವಳು ಕಾಯರ್ ಲೀಡರ್ ಆಗಿದ್ದಾಳೆ, ವಿಡಿಯೋ ಹಾಕಲಾ?

ಸಿಡ್ನಿ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಪರ್ತ್ ಅಕ್ಕ, ಶನಿವಾರದ ಬ್ಯಾಚ್ ಇದೆ ಅಂದರು, ಆದರೆ ಕ್ರಿಕೆಟ್ ಕೋಚಿಂಗ್ ಇರುವ ಹೊತ್ತು. ಕ್ರಿಕೆಟ್ ಬಿಡಿಸಿದರೆ ಇವನು ಮಾತು ಬಿಡುತ್ತಾನೆ. ನೀವು ಏನು ಮಾಡಿದಿರಿ?

ಟೊರೊಂಟೊ, ಊರು ಬೆಟಗೇರಿ:
ಕ್ರಿಕೆಟ್ಟೂ ಬೇಕು, ಟ್ಯೂಷನ್ನೂ ಬೇಕು, ಸಭೆಯೂ ಬೇಕು. ಬೈಬಲಿನ ಯಾಕೋಬನ ಪತ್ರಿಕೆ 3ನೇ ಅಧ್ಯಾಯ ಓದಿ. ಮೇಲಿನಿಂದ ಬರುವ ಜ್ಞಾನ ಯಾವುದು, ಹೊಟ್ಟೆಕಿಚ್ಚು, ಪೈಪೋಟಿಯಿಂದ ಹುಟ್ಟುವ ಜ್ಞಾನ ಯಾವುದು ಅಂತ ಅಲ್ಲಿ ಬಿಡಿಸಿ ಹೇಳಿದೆ.

ಲಂಡನ್, ಊರು ಮಂಗಳೂರು:
ಅದೇ ಅಧ್ಯಾಯದಲ್ಲಿ, ಮೇಲಿನಿಂದ ಬರುವ ಜ್ಞಾನ ಸಮಾಧಾನದ್ದು, ಇನ್ನೊಬ್ಬರ ಮಾತಿಗೂ ಕಿವಿಗೊಡುವಂಥದ್ದು ಅಂತಲೂ ಇದೆ ಅಣ್ಣಾ.

ಮೆಲ್ಬರ್ನ್, ಸಂಡೇ ಸ್ಕೂಲ್ ಟೀಚರ್:
ನನ್ನ ಕ್ಲಾಸಿನಲ್ಲೂ ಇದೇ ಪಾಠ ನಡೀತಿದೆ. ಆ ಧರ್ಮೋಪದೇಶಕಾಂಡ 17ರಲ್ಲೇ ಇನ್ನೊಂದು ಮಾತಿದೆ, ಯಾರೂ ಹೇಳಲಿಲ್ಲ. ಅರಸನು ಧರ್ಮಶಾಸ್ತ್ರದ ಒಂದು ಪ್ರತಿ ಬರೆದು ಹತ್ತಿರ ಇಟ್ಟುಕೊಂಡು, ಬದುಕಿರುವಷ್ಟು ದಿನವೂ ಓದಬೇಕು ಅಂತ. ಒಬ್ಬ ಹುಡುಗಿ ಕೇಳಿದಳು, "3,000 ಜ್ಞಾನೋಕ್ತಿ, 1,005 ಹಾಡು ಕಟ್ಟಿದ ಅಂತೀರಿ. ಆ ಪ್ರತಿ ಬರೆದನಾ ಮಿಸ್?" ಅರಸುಗಳು ಪುಸ್ತಕದಲ್ಲಿ ಹಾಗೆ ಬರೆದ ಅಂತ ಎಲ್ಲೂ ಇಲ್ಲ ಅಂದೆ. ಸಿಡ್ನಿಯವರೇ, ನಿಮ್ಮ ಮಗನ ಪ್ರಶ್ನೆಗೆ ಅಲ್ಲಿಂದಲೇ ಶುರು ಮಾಡಿ ನೋಡಿ. ಕ್ರಿಕೆಟ್ ವಿಷಯ ಪರ್ತ್ ಅಕ್ಕನನ್ನೇ ಕೇಳಿ.